ಮರೆತರಷ್ಟೇ ಕ್ಷಮೆಯೇ?

ಪ್ರಾರ್ಥನಾ ಕೂಟಗಳಲ್ಲಿ ಪದೇ ಪದೇ ಕೇಳಿಬರುವ ಒಂದು ಮಾತಿನ ಮೇಲೆ ನನಗೆ ತಕರಾರಿದೆ: ‘ಕ್ಷಮಿಸು, ಮರೆತುಬಿಡು, ಕರ್ತನು ಗುಣ ಮಾಡುತ್ತಾನೆ.’ ಹೇಳುವವರಿಗೆ ಇದು ಸಾಂತ್ವನ. ಕೇಳುವವರಿಗೆ ಎಷ್ಟೋ ಸಲ ಶಿಕ್ಷೆ.

ನಾನು ಬೆಳೆದದ್ದು ಕಮಲಾಪುರದಲ್ಲಿ. ಹೊರಗಿನವರಿಗೆ ಆ ಊರೆಂದರೆ ಕೆಂಪು ಬಾಳೆಹಣ್ಣು. ನನಗೆ, ಕುಡಿದು ಬಂದ ಅಪ್ಪ ಒಳಗಿನಿಂದ ಚಿಲಕ ಹಾಕುವ ಸದ್ದು. ಆಮೇಲೆ ಏನಾಗುತ್ತದೆಂದು ಅವ್ವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಒಂದು ದಿನ ಅವ್ವ ನನ್ನನ್ನು ಕರೆದುಕೊಂಡು ಕಲಬುರಗಿಯ ಬಸ್ಸು ಹತ್ತಿ ತವರಿಗೆ ಬಂದಳು. ಮೂರು ವಾರ ಕಳೆದಿರಲಿಲ್ಲ, ಕೂಟದ ಹಿರಿಯರೊಬ್ಬರು ಹೇಳಿದರು: “ಮಾಫ್ ಮಾಡಿ ಮನಿಗಿ ಹೋಗವ್ವಾ. ಹಳೇದೆಲ್ಲ ಮರ್ತ್ ಬಿಡು.” ಅವ್ವ ಹೋದಳು. ಆ ತಿಂಗಳೇ ಅವಳ ಎಡಗೈ ಮುರಿಯಿತು.

ಆ ಹಿರಿಯರು ಕೊಟ್ಟ ಉದಾಹರಣೆ ಯೋಸೇಫನದು. ಅಣ್ಣಂದಿರು ಮಾರಿದರೂ ಅವನು ಮರೆತ. ಚೊಚ್ಚಲ ಮಗನಿಗೆ ಮರೆವಿನ ಅರ್ಥವುಳ್ಳ ‘ಮನಸ್ಸೆ’ ಎಂಬ ಹೆಸರಿಟ್ಟ. ನಿಜ. ಆದರೆ ಆದಿಕಾಂಡದ 42ನೇ ಅಧ್ಯಾಯದಿಂದ ಮುಂದೆಯೂ ಓದಬೇಕಲ್ಲ? ಬರಗಾಲದಲ್ಲಿ ಅಣ್ಣಂದಿರು ಧಾನ್ಯಕ್ಕೆ ಬಂದಾಗ ಯೋಸೇಫ ಓಡಿಹೋಗಿ ತಬ್ಬಿಕೊಳ್ಳಲಿಲ್ಲ. ಗುರುತು ಬಿಟ್ಟುಕೊಡದೆ ಪರೀಕ್ಷಿಸಿದ. ಒಬ್ಬನನ್ನು ಸೆರೆಯಲ್ಲಿಟ್ಟ. ಬೆನ್ಯಾಮೀನನನ್ನೂ ತನ್ನಂತೆ ಕೈಬಿಡುತ್ತಾರೋ ಎಂದು ನೋಡಿದ. ತಮ್ಮನ ಬದಲು ತಾನೇ ಗುಲಾಮನಾಗುತ್ತೇನೆಂದು ಯೆಹೂದನು ಹೇಳಿದ ಮೇಲಷ್ಟೇ ತಾನು ಯಾರೆಂದು ತಿಳಿಸಿದ. ಆಗಲೂ ನೀವು ನನ್ನನ್ನು ಮಾರಿದಿರಿ ಎಂಬುದನ್ನು ಬಾಯಿಬಿಟ್ಟೇ ಹೇಳಿದ. ಅವನ ಕ್ಷಮೆಯಲ್ಲಿ ನೆನಪಿತ್ತು, ಎಚ್ಚರವಿತ್ತು. ಅವ್ವನಿಗೆ ಹೇಳಿದ ಕ್ಷಮೆಯಲ್ಲಿ ಎರಡೂ ಇರಲಿಲ್ಲ.

ಹಾಗಾದರೆ ಆ ವಿಶ್ವಾಸವೇ ಏಕೆ ಎಂದು ಗೆಳೆಯರು ಕೇಳುತ್ತಾರೆ. ಕಲಬುರಗಿಯ ಹಾಸ್ಟೆಲಿನಲ್ಲಿ ನಿದ್ದೆ ಬಾರದ ರಾತ್ರಿ 88ನೇ ಕೀರ್ತನೆ ಓದಿದೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ಸುಳ್ಳು ಹೇಳದೆಯೂ ಪ್ರಾರ್ಥಿಸಬಹುದೆಂದು ನನಗೆ ಅಂದು ತಿಳಿಯಿತು. ಯೋಹಾನನ ಸುವಾರ್ತೆಯಲ್ಲಿ ಪುನರುತ್ಥಾನದ ನಂತರವೂ ಯೇಸುವಿನ ಕೈಗಳಲ್ಲಿ ಗಾಯದ ಗುರುತಿದೆ. ತೋಮನಿಗೆ ಅದನ್ನು ತೋರಿಸುತ್ತಾನೆ. ಸಾವನ್ನು ಗೆದ್ದವನೇ ಗಾಯ ಅಳಿಸಿಕೊಳ್ಳದಿದ್ದರೆ, ನನಗೇಕೆ ಆ ಒತ್ತಾಯ? ಮನೋವೈದ್ಯರಲ್ಲಿಗೂ ಹೋದೆ, ಮಾತ್ರೆಯನ್ನೂ ನುಂಗಿದೆ. ಅದನ್ನು ಅವಿಶ್ವಾಸ ಎನ್ನುವವರು ಜ್ವರಕ್ಕೆ ಆಸ್ಪತ್ರೆಗೆ ಹೋಗುವುದನ್ನು ನಾನು ನೋಡಿದ್ದೇನೆ. ಚಿಲಕದ ಸದ್ದು ಈಗಲೂ ನೆನಪಿದೆ. ಆದರೆ ಈಗ ನಿದ್ದೆ ಬರುತ್ತದೆ.

ಉಪದೇಶ ಮಾಡುವವರಿಗೆ ನನ್ನದು ಒಂದೇ ಮಾತು. ಮನೆಗೆ ಹೋಗು ಎನ್ನುವ ಮೊದಲು, ಹೊಡೆಯುವ ಕೈ ನಿಂತಿದೆಯೇ ಎಂದು ಕೇಳಿ. ನಿಂತಿಲ್ಲವಾದರೆ, 2005ರ ಕೌಟುಂಬಿಕ ಹಿಂಸಾಚಾರ ಕಾಯ್ದೆಯಡಿ ರಕ್ಷಣಾ ಆದೇಶ ಪಡೆಯಬಹುದೆಂದು ಹೇಳಿ. ಜೊತೆಗೆ ನಡೆದು ಹೋಗಿ. ಅದೂ ಸೇವೆಯೇ.

ಅವ್ವ ಈಗ ಕಲಬುರಗಿಯಲ್ಲಿ ನನ್ನೊಂದಿಗಿದ್ದಾಳೆ. ದಿನವೂ ಅಪ್ಪನ ಹೆಸರು ಹಿಡಿದು ಪ್ರಾರ್ಥಿಸುತ್ತಾಳೆ. ಮನೆಯ ಬೀಗದ ಕೈಯನ್ನು ಮಾತ್ರ ಅವನಿಗೆ ಕೊಟ್ಟಿಲ್ಲ.