ಫಲಕವು ಹೇಳದೆ ಬಿಟ್ಟ ಮಾತು

ತೀವ್ರ ನಿಗಾ ಘಟಕದ ಬಾಗಿಲಲ್ಲಿ ‘ಮೊಬೈಲ್ ನಿಷೇಧಿಸಲಾಗಿದೆ’ ಎಂಬ ಫಲಕವಿರುವುದನ್ನೂ, ಅದರ ಅಡಿಯಲ್ಲಿಯೇ ನಿಂತು ರೋಗಿಯ ಬಂಧುಗಳು ಊರಿಗೆಲ್ಲ ಸುದ್ದಿ ಮುಟ್ಟಿಸುತ್ತಿರುವುದನ್ನೂ ಕಾಣದವರು ವಿರಳ. ಕಾರಣವನ್ನು ತಿಳಿಸದ ನಿಷೇಧಕ್ಕೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ದೊರೆಯುವುದು ದುರ್ಲಭವೇ ಸರಿ.

ಆ ಕಾರಣಗಳಲ್ಲೊಂದು, ಲಯ ತಪ್ಪಿದ ಹೃದಯವನ್ನು ಸರಿಪಡಿಸಲು ವಿದ್ಯುದಾಘಾತ ಕೊಡುವ ಡಿಫಿಬ್ರಿಲೇಟರ್ ಯಂತ್ರಕ್ಕೆ ಸಂಬಂಧಿಸಿದ್ದು. ಇ.ಸಿ.ಜಿ. ರೇಖೆಯಲ್ಲಿ ಪ್ರತಿ ಮಿಡಿತಕ್ಕೂ ‘ಆರ್’ ಎಂಬ ಚೂಪಾದ ಶಿಖರವೊಂದೂ, ಅದರ ಬೆನ್ನಿಗೇ ‘ಟಿ’ ಎಂಬ ಮಂದವಾದ ದಿಬ್ಬವೊಂದೂ ಮೂಡುತ್ತವೆ. ಹೃತ್ಕುಕ್ಷಿಯ ಸ್ನಾಯುವು ಚೇತರಿಸಿಕೊಂಡು ಮುಂದಿನ ಮಿಡಿತಕ್ಕೆ ಅಣಿಯಾಗುತ್ತಿರುವ ಆ ದಿಬ್ಬದ ನೆತ್ತಿಯ ಆಸುಪಾಸಿನಲ್ಲಿ ವಿದ್ಯುದಾಘಾತವು ಬಿದ್ದಿತೆಂದರೆ, ಲಯ ತಪ್ಪಿದ್ದರೂ ಮಿಡಿಯುತ್ತಲೇ ಇದ್ದ ಹೃದಯವು ಮಿಡಿತವನ್ನೇ ತೊರೆದು ಬರಿದೆ ಅದುರತೊಡಗಬಹುದು. ಅಮೆರಿಕದ ವೈದ್ಯ ಬರ್ನಾರ್ಡ್ ಲೌನ್ ಅವರು 1962ರಲ್ಲಿ ಪ್ರಕಟಿಸಿದ, ಇಂಥ ಆಘಾತ ಕೊಡುವ ವಿಧಾನದ ಮರ್ಮವೆಂದರೆ, ಯಂತ್ರವು ‘ಆರ್’ ಶಿಖರವನ್ನು ಗುರುತಿಸಿದ ಬಳಿಕವೇ ಆಘಾತವನ್ನು ಕೊಡತಕ್ಕದ್ದು ಎಂಬುದು. ಇಂದಿಗೂ ಡಿಫಿಬ್ರಿಲೇಟರಿನ ‘ಸಿಂಕ್’ ಗುಂಡಿಯನ್ನೊತ್ತಿದರೆ ಪರದೆಯ ಮೇಲೆ ಪ್ರತಿ ಶಿಖರಕ್ಕೂ ಸಣ್ಣದೊಂದು ಗುರುತು ಬೀಳುತ್ತದೆ, ವೈದ್ಯರು ಆಘಾತದ ಗುಂಡಿಯನ್ನು ಅದುಮಿ ಹಿಡಿದಿರುತ್ತಾರೆ, ಯಂತ್ರವು ಮುಂದಿನ ಶಿಖರಕ್ಕಾಗಿ ಕಾಯುತ್ತದೆ. ಹೃದಯವು ಆಗಲೇ ಅದುರುತ್ತಿದ್ದರಾದರೋ ಕಾಯಲು ಶಿಖರವೇ ಇರದು. ಅಲ್ಲಿ ಸಿಂಕ್ ತೆಗೆದು ಒಡನೆಯೇ ಆಘಾತ ಕೊಡಬೇಕು.

ಹೀಗೆ ಯಂತ್ರವು ಕಿವಿಗೊಟ್ಟು ಕೇಳುವ ಆ ಸಂಕೇತವು ಎದೆಯ ಚರ್ಮದ ಮೇಲೆ ಸುಮಾರು ಒಂದು ಮಿಲಿವೋಲ್ಟಿನಷ್ಟು ಕ್ಷೀಣವಾದದ್ದು. ತೀರ ಹತ್ತಿರದಲ್ಲಿ ರೇಡಿಯೊ ತರಂಗಗಳು ಹೊಮ್ಮಿದರೆ ಅದು ಕಲುಷಿತವಾಗಿ, ಇಲ್ಲದ ಶಿಖರವು ಇದ್ದಂತೆ ತೋರಬಹುದು. ಇಂದಿನ ಯಂತ್ರಗಳಿಗೆ ಇದರ ವಿರುದ್ಧ ರಕ್ಷಾಕವಚವುಂಟು. ಆದರೂ ದೂರವೇ ಪರಮ ರಕ್ಷೆ. ವಿಚಿತ್ರವೆಂದರೆ, ಬಂಧುಗಳ ಮೊಬೈಲನ್ನು ತಡೆಯುವ ಕಾವಲುಗಾರನ ಸೊಂಟದ ವಾಕಿಟಾಕಿಯು ಸಾಮಾನ್ಯವಾಗಿ ಆ ಮೊಬೈಲಿಗಿಂತ ಪ್ರಬಲವಾದದ್ದು. ಅದನ್ನು ಆ ಬಾಗಿಲ ಫಲಕವು ಹೆಸರಿಸುವುದಿಲ್ಲ. ಸಾರಾಸಗಟು ನಿಷೇಧಕ್ಕೆ ಬದಲಾಗಿ, ಯಾವ ಯಂತ್ರದಿಂದ ಯಾವುದನ್ನು ಎಷ್ಟು ದೂರದಲ್ಲಿಡಬೇಕೆಂಬುದನ್ನು ಆಸ್ಪತ್ರೆಗಳು ಸಕಾರಣವಾಗಿ ಬರೆಯಿಸಿ ಹಾಕುವುದೇ ಲೇಸೆಂದು ನನ್ನ ಮತ.

ಎದೆಯೊಳಗೇ ಅಳವಡಿಸಿದ ಡಿಫಿಬ್ರಿಲೇಟರಿಗೂ ಈ ಮಾತು ಸಲ್ಲುತ್ತದೆ: ಕೆಲವು ಮೊಬೈಲುಗಳೊಳಗಿನ ಅಯಸ್ಕಾಂತವು ಮೈಗೆ ತಾಗುವಷ್ಟು ಸನಿಹಕ್ಕೆ ಬಂದರೆ ಆ ಯಂತ್ರವು ಆಘಾತ ಕೊಡುವುದನ್ನೇ ತಾತ್ಕಾಲಿಕವಾಗಿ ನಿಲ್ಲಿಸಬಹುದಾದ್ದರಿಂದ, ನಡುವೆ 15 ಸೆಂಟಿಮೀಟರ್ ಅಂತರವಿರಬೇಕೆಂಬುದು ತಜ್ಞರ ಸೂಚನೆ. ಆ ಯಂತ್ರವನ್ನು ಸಾಮಾನ್ಯವಾಗಿ ಇಡುವುದು ಎಡಗಡೆಯ ಕೊರಳೆಲುಬಿನ ಕೆಳಗೆ. ನಮ್ಮ ದರ್ಜಿಗಳು ಅಂಗಿಗೆ ಜೇಬು ಹೊಲಿಯುವುದೂ ಎಡಗಡೆಗೇ. ಮನೆಯ ಹಿರಿಯರಿಗೆ ಅಂಥ ಯಂತ್ರವಿದ್ದರೆ, ಅವರ ಜೇಬಿನಲ್ಲಿರುವ ಮೊಬೈಲನ್ನು ಇಂದೇ ಬೇರೆ ಕಡೆಗೆ ಇಡಿಸಿರಿ.