ಪೆನ್ನಿನಲ್ಲಿ ಗಮಕ ನುಡಿಸಬಹುದು, ಆದರೆ ಯಾರ ಕಂಪ್ಯೂಟರಿನಲ್ಲಿ?

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು. ಚೆನ್ನಾಗಿಯೇ ಓಡುತ್ತಿದ್ದ ಎಷ್ಟೋ ಲ್ಯಾಪ್‌ಟಾಪುಗಳು ವಿಂಡೋಸ್ 11ರ ಷರತ್ತಿಗೆ ಹೊಂದದೆ ಮೂಲೆ ಸೇರುವ ಹಾಗಾಯಿತು. ‘ಲಿನಕ್ಸ್ ಹಾಕ್ಕೊಳ್ಳಿ’ ಅಂತ ನಮ್ಮಂಥವರು ಹೇಳಿದ್ದೇ ಹೇಳಿದ್ದು. ಅದೇ ತಿಂಗಳು ಬಂದ ಉಬುಂಟು 25.10, ಪರದೆ ಮತ್ತು ಇನ್‌ಪುಟ್ ನೋಡಿಕೊಳ್ಳುವ ಹಳೆಯ ಎಕ್ಸ್‌ಆರ್ಗ್ ಸೆಷನ್ನನ್ನು ಮುಖ್ಯ ಡೆಸ್ಕ್‌ಟಾಪಿನಿಂದ ತೆಗೆದು ವೇಲ್ಯಾಂಡ್ ಒಂದನ್ನೇ ಉಳಿಸಿಕೊಂಡಿತು. ಈ ಎರಡು ಬದಲಾವಣೆಗಳ ನಡುವೆ ಸಿಕ್ಕಿಕೊಂಡಿರುವ ಒಂದು ಸಾಧನದ ಬಗ್ಗೆ ಬರೀತಿದ್ದೇನೆ. ಅದು ಗ್ರಾಫಿಕ್ಸ್ ಟ್ಯಾಬ್ಲೆಟ್. ಚಿತ್ರ ಬಿಡಿಸುವವರ ವಸ್ತು ನಿಜ, ಆದರೆ ಅದರಲ್ಲಿ ಸಂಗೀತವನ್ನೂ ನುಡಿಸಬಹುದು.

ಕೀಬೋರ್ಡಿನ ಕೀಲಿಗಳು ಮೆಟ್ಟಿಲಿದ್ದ ಹಾಗೆ. ತೋಡಿಯ ಗಾಂಧಾರ ಯಾವ ಮೆಟ್ಟಿಲ ಮೇಲೂ ನಿಲ್ಲಲ್ಲ, ತೂಗುತ್ತಲೇ ಇರುತ್ತೆ. ಕಂಪ್ಯೂಟರಿಗೆ ಗಮಕ ಒಪ್ಪಿಸಬೇಕಾದರೆ ಎಳೆದು ಜಾರಿಸುವ ಸಾಧನ ಬೇಕು. ಟ್ಯಾಬ್ಲೆಟ್ಟಿನ ಪೆನ್ನು ಅಡ್ಡಕ್ಕೆ ಸರಿದರೆ ಶ್ರುತಿ, ಒತ್ತಿದರೆ ಧ್ವನಿಯ ತೂಕ, ವಾಲಿಸಿದರೆ ನಾದದ ಬಣ್ಣ. ಅಗ್ಗದ ಟ್ಯಾಬ್ಲೆಟ್ಟಿನ ಡಬ್ಬದ ಮೇಲೂ ಒತ್ತಡಕ್ಕೆ 8192 ಹಂತ ಅಂತ ಬರೆದಿರುತ್ತಾರೆ. ಮಿಡಿಯ ಮಾಮೂಲಿ ಕಂಟ್ರೋಲ್ ಸಂದೇಶಕ್ಕೆ ಇರೋದು 128. ಹೀಗೆ ಜಾರಿಸಿ ನುಡಿಸೋಕೆಂದೇ ಮಾಡಿದ ವಾದ್ಯಗಳಿವೆ, ಆದರೆ ಅವುಗಳ ಬೆಲೆ ಕೇಳಿದರೆ ವಿದ್ಯಾರ್ಥಿ ವಾಪಸ್ ಬರುತ್ತಾನೆ.

ಇದು ಹೊಸ ಕನಸೇನೂ ಅಲ್ಲ. ಗೆರೆ ಎಳೆದರೆ ಸಂಗೀತವಾಗುವ ಯುಪಿಕ್ ಯಂತ್ರವನ್ನು ಸಂಯೋಜಕ ಝೆನಾಕಿಸ್ ಪ್ಯಾರಿಸ್ಸಿನಲ್ಲಿ 1977ರಲ್ಲೇ ರೂಪಿಸಿದ್ದರು. 1990ರ ದಶಕದ ಕೊನೆಗೆ ಬರ್ಕ್ಲಿಯ ಸಿಎನ್‌ಮ್ಯಾಟ್ ಕೇಂದ್ರದ ಡೇವಿಡ್ ವೆಸೆಲ್, ಮ್ಯಾಥ್ಯೂ ರೈಟ್ ಖಯಾಲ್ ಗಾಯಕ ಶಫ್ಕತ್ ಅಲಿ ಖಾನ್ ಜೊತೆ ಕಂಪ್ಯೂಟರ್ ನುಡಿಸಿದಾಗ ಕೈಯಲ್ಲಿದ್ದದ್ದು ವಾಕಮ್ ಟ್ಯಾಬ್ಲೆಟ್. ಫ್ರಾನ್ಸಿನ ಲಿಮ್ಸಿ ಪ್ರಯೋಗಾಲಯದ ಕ್ಯಾಂಟರ್ ಡಿಜಿಟಾಲಿಸ್, ಪೆನ್ನಿನಿಂದ ಮನುಷ್ಯನ ಕಂಠವನ್ನೇ ಹಾಡಿಸಿ 2015ರಲ್ಲಿ ಗುತ್ಮನ್ ಹೊಸ ವಾದ್ಯ ಸ್ಪರ್ಧೆ ಗೆದ್ದಿತು. ಸಾರ್ವಜನಿಕ ಹಣದಲ್ಲಿ ನಡೆಯುವ ಪ್ರಯೋಗಾಲಯದ ಕೆಲಸ ಅದು. ಆದರೆ ಅದು ನಿಂತಿರುವುದು ಮ್ಯಾಕ್ಸ್ ಎಂಬ ಕಂಪನಿ ತಂತ್ರಾಂಶದ ಮೇಲೆ, ಮತ್ತು ಮ್ಯಾಕ್ಸ್‌ನಲ್ಲಿ ನಾವೇ ಏನಾದರೂ ಕಟ್ಟಿಕೊಳ್ಳಬೇಕಾದರೆ ಹಣ ಕೊಡಬೇಕು.

ಹಾಗಾದರೆ ಮುಕ್ತ ತಂತ್ರಾಂಶ ಈ ಕೊರತೆ ತುಂಬಬೇಕಿತ್ತು, ಅಲ್ವಾ? ಪ್ಯೂರ್ ಡೇಟಾ ಇದೆ, ಸೂಪರ್‌ಕೊಲೈಡರ್ ಇದೆ. ಎರಡೂ ಉಚಿತ, ಎರಡೂ ಮೂರೂ ವ್ಯವಸ್ಥೆಗಳಲ್ಲಿ ಓಡುತ್ತವೆ. ಪೆನ್ನಿನ ವಿಷಯಕ್ಕೆ ಬಂದಾಗ ಮಾತ್ರ ಕಥೆ ಬೇರೆ. ಸೂಪರ್‌ಕೊಲೈಡರ್‌ನಲ್ಲಿ ಹಿಂದೆ ಟ್ಯಾಬ್ಲೆಟ್‌ಗೆಂದೇ ಒಂದು ವಿಭಾಗವಿತ್ತು. ಅದು ಕೊಕೊ ಎಂಬ ಮ್ಯಾಕ್‌ನ ಸ್ವಂತ ಚೌಕಟ್ಟಿಗೆ ಅಂಟಿಕೊಂಡಿದ್ದರಿಂದ ಲಿನಕ್ಸಿನವರ ಕೈಗೆ ಎಟುಕಲಿಲ್ಲ.

ಬರೆದವರನ್ನು ಬೈದು ಪ್ರಯೋಜನವಿಲ್ಲ, ಕೆಲಸವೇ ತೊಡಕಿನದು. ವಿಂಡೋಸ್‌ನಲ್ಲಿ ಪೆನ್ನಿಗೆ ವಿನ್‌ಟ್ಯಾಬ್ ಎಂಬ ಹಳೆಯ ದಾರಿಯೊಂದು, ವಿಂಡೋಸ್ ಇಂಕ್ ಎಂಬ ಹೊಸ ದಾರಿಯೊಂದು. ಇಂಕ್‌ನಲ್ಲಿ ಪೆನ್ನು ಒತ್ತಿ ಹಿಡಿದರೆ ಅದು ರೈಟ್ ಕ್ಲಿಕ್ಕೋ ಅಂತ ವ್ಯವಸ್ಥೆ ಒಂದು ಕ್ಷಣ ಕಾದು ನೋಡುತ್ತೆ. ಚಿತ್ರಕಾರರಿಗೇ ಅದು ಕಿರಿಕಿರಿ. ತಾಳದಲ್ಲಿ ನುಡಿಸುವವನಿಗೆ ಆ ಕ್ಷಣ ಅಂದರೆ ತಪ್ಪಿದ ಎಡುಪು. ಮ್ಯಾಕ್‌ನದು ಇನ್ನೊಂದೇ ಭಾಷೆ. ಲಿನಕ್ಸ್‌ನಲ್ಲಿ ವಾಕಮ್‌ಗೆ ಒಳ್ಳೆಯ ಡ್ರೈವರ್ ಕರ್ನಲ್‌ನಲ್ಲೇ ಇದೆ. ಅಗ್ಗದ ಹುಯಿಯಾನ್, ಎಕ್ಸ್‌ಪಿ-ಪೆನ್‌ಗಳಿಗೆ ಡಿಜಿಮೆಂಡ್ ಯೋಜನೆಯ ಸ್ವಯಂಸೇವಕರು ಸಾಧನದ ಒಳಗುಟ್ಟನ್ನು ಒಂದೊಂದಾಗಿ ಬಿಡಿಸಿ ಡ್ರೈವರ್ ಬರೆಯಬೇಕಾಯಿತು.

ಈಗ ವೇಲ್ಯಾಂಡ್. ಹಳೆಯ ಎಕ್ಸ್ ವ್ಯವಸ್ಥೆಯಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ಪೆನ್ನಿನ ಚಲನೆಯನ್ನು ಹಿನ್ನೆಲೆಯಲ್ಲಿ ಕೇಳಿಸಿಕೊಳ್ಳಬಹುದಿತ್ತು. ನಿಮ್ಮ ಪಾಸ್‌ವರ್ಡ್ ಟೈಪಿಂಗನ್ನೂ ಹಾಗೇ ಕದ್ದು ಕೇಳಬಹುದಿತ್ತು ಅನ್ನೋದು ಬೇರೆ ಮಾತು. ವೇಲ್ಯಾಂಡ್ ಆ ಬಾಗಿಲು ಹಾಕಿತು. ಪೆನ್ನಿನ ತುದಿ ಯಾವ ವಿಂಡೋ ಮೇಲಿದೆಯೋ ಆ ವಿಂಡೋಗೆ ಮಾತ್ರ ಸುದ್ದಿ. ಭದ್ರತೆಯ ದೃಷ್ಟಿಯಿಂದ ಇದು ಸರಿ, ನಾನೂ ಒಪ್ಪುತ್ತೇನೆ. ಆದರೆ ಒಂದು ವಿಂಡೋದಲ್ಲಿ ಮಿಕ್ಸರ್, ಇನ್ನೊಂದರಲ್ಲಿ ಕೋಡ್ ತೆರೆದಿಟ್ಟು ನುಡಿಸುವವನ ಪೆನ್ನು ಅರ್ಧ ರಾಗಕ್ಕೆ ಮೂಕವಾಗುತ್ತೆ. ಅದಕ್ಕೆ ಕೆಲವರು ‘ಇನ್‌ಪುಟ್ ಗ್ರೂಪ್‌ಗೆ ನಿಮ್ಮ ಹೆಸರು ಸೇರಿಸಿಕೊಳ್ಳಿ’ ಅಂತ ಸಲಹೆ ಕೊಡುತ್ತಾರೆ. ದಯವಿಟ್ಟು ಬೇಡ. ಹಾಗೆ ಮಾಡಿದರೆ ನೀವು ಓಡಿಸುವ ಪ್ರತಿ ಪ್ರೋಗ್ರಾಂ ನಿಮ್ಮ ಕೀಬೋರ್ಡನ್ನೂ ಓದಬಲ್ಲದು. ಆ ಒಂದು ಟ್ಯಾಬ್ಲೆಟ್ಟಿಗೆ ಮಾತ್ರ ಅನುಮತಿ ಕೊಡುವ ಯುಡೆವ್ ನಿಯಮವನ್ನು ಒಂದೇ ಸಾಲಿನಲ್ಲಿ ಬರೆಯಬಹುದು.

ಪ್ರತಿ ಸಂಗೀತ ತಂತ್ರಾಂಶವೂ ಮೂರೂ ವ್ಯವಸ್ಥೆಗೆ ಪೆನ್ ಬೆಂಬಲ ಬರೆಯಲಿ ಅಂತ ನಾನು ಕೇಳುತ್ತಿಲ್ಲ. ಪೆನ್ನನ್ನು ಓದುವ ಕೆಲಸ ಒಂದು ಪುಟ್ಟ ಪ್ರೋಗ್ರಾಂಗೆ ಬಿಡಿ, ಅದು ಸಂಖ್ಯೆಗಳನ್ನು ಓಎಸ್‌ಸಿ ಸಂದೇಶವಾಗಿ ಕಳಿಸಲಿ. ಓಎಸ್‌ಸಿ ಹುಟ್ಟಿದ್ದೂ 1997ರಲ್ಲಿ ಅದೇ ಸಿಎನ್‌ಮ್ಯಾಟ್‌ನಲ್ಲಿ. ಪ್ಯೂರ್ ಡೇಟಾ, ಸೂಪರ್‌ಕೊಲೈಡರ್ ಎರಡಕ್ಕೂ ಅದು ಬರುತ್ತೆ, 128 ಮೆಟ್ಟಿಲಿನ ಮಿತಿಯೂ ಇಲ್ಲ. ಮೂರೂ ವ್ಯವಸ್ಥೆಗಳಲ್ಲಿ ಟ್ಯಾಬ್ಲೆಟ್ ಓದುವ ಓಪನ್‌ಟ್ಯಾಬ್ಲೆಟ್‌ಡ್ರೈವರ್ ಎಂಬ ಮುಕ್ತ ಯೋಜನೆ ಈಗಾಗಲೇ ಇದೆ, ಪ್ಲಗಿನ್ ಬರೆಯೋಕೂ ಅವಕಾಶವಿದೆ.

‘ಇದನ್ನೆಲ್ಲ ಬಳಸೋರು ಎಷ್ಟು ಜನ?’ ಎಂಬ ಪ್ರಶ್ನೆ ಬಂದೇ ಬರುತ್ತೆ. ಬಸ್ಸೇ ಬಿಡದ ಊರಿನಲ್ಲಿ ಪ್ರಯಾಣಿಕರನ್ನು ಎಣಿಸುವ ಲೆಕ್ಕ ಇದು. ಪರವಾನಗಿಯಲ್ಲಿ ‘ಯಾರು ಬೇಕಾದರೂ ಬಳಸಬಹುದು’ ಅಂತ ಬರೆದು, ಮ್ಯಾಕ್ ಇದ್ದವರಿಗೆ ಮಾತ್ರ ಪೆನ್ ನಡೆದರೆ, ಆ ‘ಯಾರು’ ಯಾರು ಅಂತ ಕೇಳಲೇಬೇಕು.

ನಮ್ಮಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿಗೆ ಬರವಿಲ್ಲ, ವೀಣೆ ಕಲಿತು ಕೋಡ್ ಬರೆಯುವ ಹುಡುಗ ಹುಡುಗಿಯರಿಗೂ ಬರವಿಲ್ಲ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಮತ್ತೊಂದು ಹಾಜರಾತಿ ಆ್ಯಪ್ ಮಾಡುವ ಬದಲು ಇಷ್ಟು ಮಾಡಬಹುದು: ಅಂಗಡಿಯಲ್ಲಿ ಸಿಗುವ ನಾಲ್ಕು ಅಗ್ಗದ ಟ್ಯಾಬ್ಲೆಟ್ ತಂದು, ಮೂರೂ ವ್ಯವಸ್ಥೆಗಳಲ್ಲಿ ಒತ್ತಡ ಬರುತ್ತದೆಯೇ, ವಾಲುವಿಕೆ ಬರುತ್ತದೆಯೇ, ಪೆನ್ನು ಮುಟ್ಟಿದ ಎಷ್ಟು ಮಿಲಿಸೆಕೆಂಡಿಗೆ ಸ್ವರ ಕೇಳುತ್ತದೆ ಅಂತ ಅಳೆದು ಬರೆದಿಡುವುದು. ವೇಲ್ಯಾಂಡ್‌ನ ಸಾಲು ಮೊದಲು ತುಂಬಲಿ.