ಏರಿಗೆ ಬಾರದವರು

ಬೇಲೂರಿನಿಂದ ಹಳೇಬೀಡಿನ ಮೇಲೆ ಅರಸೀಕೆರೆಗೆ ಬರುವ ಬಸ್ಸಿನಲ್ಲಿ ಹೂಳು ತುಂಬಿದ ಕೆರೆ ಕಂಡಾಗಲೆಲ್ಲ ಒಬ್ಬರಾದರೂ ಹೇಳುತ್ತಾರೆ: “ಹಿಂದಿನವರಿಗೆ ಒಗ್ಗಟ್ಟಿತ್ತು, ಈಗಿನವರಿಗಿಲ್ಲ.” ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಹಿಂದಿನವರೇನು ದೇವತೆಗಳೆ? ಕೆರೆ ಕಟ್ಟಿ ಕಾಪಾಡುವವರಿಗೆ ಕಟ್ಟುಕೊಡಗೆ, ಬಿತ್ತುವಟ್ಟಗಳನ್ನು ಬಿಟ್ಟುಕೊಟ್ಟ ಸಂಗತಿ ಶಾಸನಗಳಲ್ಲಿ ಬೇಕಾದಷ್ಟಿದೆ. ಬರಿಯ ಧರ್ಮಬುದ್ಧಿಯಿಂದ ಹೂಳು ಮೇಲೆ ಬರುತ್ತದೆಂದು ಅವರೂ ನಂಬಿರಲಿಲ್ಲ.

ಆಗಲೂ ಊರಿನಲ್ಲಿ ಗೌಡನಿದ್ದ, ಆಳಿದ್ದ; ಸಮಾನತೆಯೇನೂ ಇರಲಿಲ್ಲ. ಆದರೆ ಗೌಡನ ಗದ್ದೆಗೂ ಅದೇ ತೂಬಿನ ನೀರು. ಏರಿ ಒಡೆದರೆ ಅವನ ಬೆಳೆಯೂ ಹೋಗುತ್ತಿತ್ತು. ಈಗ ಹಣವಿದ್ದವನು ತೆಂಗಿನ ತೋಟದಲ್ಲಿ ಬೋರು ಕೊರೆಸುತ್ತಾನೆ; ಒಂದು ಬತ್ತಿದರೆ ಇನ್ನೊಂದು. 10 ಅಶ್ವಶಕ್ತಿಯವರೆಗಿನ ಪಂಪಿಗೆ 2008ರಿಂದ ಸರ್ಕಾರವೇ ಪುಕ್ಕಟೆ ವಿದ್ಯುತ್ತು ಕೊಡುತ್ತಿದೆ. ಅವನಿಗೇಕೆ ಕೆರೆಯ ಹಂಗು? (ಬೋರಿಗೇ ಕೆರೆಯ ಹಂಗುಂಟೆಂಬುದು ಮೂರನೆಯದು ಬತ್ತಿದಾಗ ಹೊಳೆಯುತ್ತದೆ, ಆ ಮಾತು ಬೇರೆ.) ಅವನು ಬಾರದ ಏರಿಗೆ ಎರಡೆಕರೆಯವನು ಗುದ್ದಲಿ ಹೊತ್ತು ಒಂದು ವರ್ಷ ಹೋಗುತ್ತಾನೆ, ಎರಡು ವರ್ಷ ಹೋಗುತ್ತಾನೆ, ಮೂರನೆಯ ವರ್ಷ ಗೆದ್ದವನನ್ನು ನೋಡಿ ಕಲಿಯುತ್ತಾನೆ. ಆಟದ ಗಣಿತವನ್ನು ಜೀವವಿಕಾಸಕ್ಕೆ ಹಚ್ಚಿ ನೋಡಿದ ಪಂಡಿತರು ಹೇಳುವುದೂ ಇದನ್ನೇ: ಹೆಚ್ಚು ಲಾಭ ಪಡೆದವನ ನಡತೆ ನಕಲಾಗುತ್ತ ಹಬ್ಬುತ್ತದೆ. ಇದರಲ್ಲಿ ಎರಡೆಕರೆಯವನ ಗುಣವನ್ನು ಹಳಿಯುವುದೇಕೆ?

“ದೊಡ್ಡವರಿಗೆ ಬಿಡಿ, ಅವರೇ ಮಾಡಿಸುತ್ತಾರೆ” ಎನ್ನುವವರೂ ಇದ್ದಾರೆ. ಅಮೆರಿಕದ ಮ್ಯಾನ್ಕರ್ ಓಲ್ಸನ್ 1965ರಲ್ಲಿ ಹೆಚ್ಚು ಕಡಿಮೆ ಹೀಗೆಯೇ ವಾದಿಸಿದ: ಲಾಭದ ದೊಡ್ಡ ಪಾಲು ಪಡೆಯುವವನು ಸಾರ್ವಜನಿಕ ಕೆಲಸದ ಹೊರೆಯನ್ನೂ ಹೊತ್ತಾನು. ಹೊತ್ತಾನು, ಅವನಿಗೆ ಬೇರೆ ನೀರಿಲ್ಲದಿದ್ದರೆ! 2019ರಲ್ಲಿ ಹೌಸರ್, ಹಿಲ್ಬೆ, ಚಟರ್ಜಿ, ನೊವಾಕ್ ಎಂಬವರು ‘ನೇಚರ್’ ಪತ್ರಿಕೆಯಲ್ಲಿ ಅಸಮಾನತೆ ಮಿತಿಮೀರಿದರೆ ಸಹಕಾರ ಮುರಿಯುತ್ತದೆಂದು ತೋರಿಸಿದರು. ಹೆಚ್ಚು ಉಳ್ಳವನ ಕೊಡುಗೆಯೇ ಹೆಚ್ಚು ಫಲ ಕೊಡುವಂತಿದ್ದರೆ ಕೊಂಚ ಅಸಮಾನತೆಯಿಂದ ಕೇಡಿಲ್ಲವೆಂದೂ ಅವರು ಒಪ್ಪುತ್ತಾರೆ. ನಾನೂ ಒಪ್ಪುತ್ತೇನೆ. ಆದರೆ ನಮ್ಮ ಊರುಗಳಲ್ಲಿ ಇಂದಿಗೂ ‘ಮನೆಗೊಂದಾಳು’ ಎಂದು ಸಾರುತ್ತೇವೆ. ಇಪ್ಪತ್ತೆಕರೆಗೂ ಒಂದೇ ಆಳು, ಎರಡೆಕರೆಗೂ ಒಂದೇ ಆಳು. ಇದನ್ನು ನ್ಯಾಯವೆಂದು ಕರೆಯಲು ನಾಚಿಕೆಯಾಗಬೇಡವೆ?

2023ರಲ್ಲಿ ಬೇಲೂರು, ಹಳೇಬೀಡಿನ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿ ಸೇರಿದಾಗ ಎಲ್ಲರೂ ಹಿಗ್ಗಿದೆವು. ದೋರಸಮುದ್ರವೆಂದರೆ ಕೆರೆಯೂ ಹೌದು. ಅರಸೀಕೆರೆಯ ಹೆಸರಿನಲ್ಲೇ ಕೆರೆಯಿದೆ. ಟ್ರಾಕ್ಟರಿದ್ದವನು ಟ್ರಾಕ್ಟರನ್ನೇ ಏರಿಗೆ ತರಲಿ. ಬೋರಿದ್ದವನು ಬೋರಿಗಿಷ್ಟೆಂದು ಕೆರೆಯ ಲೆಕ್ಕಕ್ಕೆ ತೆರಲಿ. ಎರಡೆಕರೆಯವನನ್ನು ಕರೆಯುವುದು ಆಮೇಲೆ.